ಇಂಗ್ಲಿಷಿಗೆ ‘ರಿ’ ಹಚ್ಚಿದ ಗಂಗಾಬಾಯಿ

ಮೊದಲು ಅಮರನಾಥನಿಗೆ ಎರಡು ಮಾತು. ಉಳಿದವರು ತಾಳಿ, ನಿಮಗೂ ಇದೆ.

ಜೇವರ್ಗಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ನಿನ್ನೆ ನಮ್ಮ ಮನೆತನದ ಈ ವಾಟ್ಸಾಪ್ ಗ್ರೂಪಿನಲ್ಲಿ ಏನು ಬರೆದೆಯಪ್ಪಾ ನೀನು? ಕಾಕಾನಿಗೆ ಎಪ್ಪತ್ತಾರು ದಾಟಿದೆ, ಆಳಂದದಿಂದ ಅಫಜಲಪುರದ ಮೇಲೆ ಜೇವರ್ಗಿಗೆ ನೇರ ಬಸ್ಸು ಎಂದೂ ಇರಲಿಲ್ಲ, ಕನಸು ಕಂಡದ್ದನ್ನು ನೆನಪು ಅಂತ ಹೇಳುತ್ತಾರೆ ಎಂದು ಬರೆದೆ. ಅದಕ್ಕೆ ಹನ್ನೊಂದು ಮಂದಿ ನಗುವ ಮುಖ ಒತ್ತಿದ್ದೀರಿ. ಎಣಿಸಿದ್ದೇನೆ. ಮೂವತ್ತಮೂರು ವರ್ಷ ಕಂಡಕ್ಟರಾಗಿದ್ದವನು ನಾನು, ತಲೆ ಎಣಿಸುವುದೇ ನನ್ನ ಕೆಲಸವಾಗಿತ್ತು. ಆ ಬಸ್ಸು ಇತ್ತು. ಬೆಳಿಗ್ಗೆ ಆರೂವರೆಗೆ ಆಳಂದ ಬಿಡುತ್ತಿತ್ತು, ಮಾದನಹಿಪ್ಪರಗಾದಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ನಿನ್ನ ತಾಯಿ ನಿನ್ನನ್ನು ಬಗಲಲ್ಲಿ ಎತ್ತಿಕೊಂಡು ಅದೇ ಬಸ್ಸಿನಲ್ಲಿ ತವರಿಗೆ ಹೊರಟಾಗ ನೀನು ನನ್ನ ಖಾಕಿ ಅಂಗಿಯ ಮೇಲೆ ಕಕ್ಕಿದ್ದೆ. ನನಗೆ ನೆನಪಿದೆ, ನಿನಗಿಲ್ಲ. ಈಗ ಹೇಳು, ಯಾರ ನೆನಪು ಕೆಟ್ಟಿದೆ?

ಬಾಯಿಮಾತು ಬೇಡ, ಸಾಕ್ಷಿಯನ್ನೇ ಕೊಡುತ್ತೇನೆ. ಆದರೆ ಅದು ಗಂಗಾಬಾಯಿಯ ಕಥೆಯೊಳಗೆ ಕೂತಿದೆ. ಆದ್ದರಿಂದ ಈ ದನಿಯನ್ನು ಹಾರಿಸಿ ಹಾರಿಸಿ ಕೇಳಬೇಡಿ, ಪೂರ್ತಿ ಕೇಳಿ.

ಗಂಗಾಬಾಯಿ ಅಂದರೆ ನಮ್ಮ ಚಿಕ್ಕಪ್ಪನ ಮಗಳು, ನನಗೆ ತಂಗಿ. ಕರಜಗಿಗೆ ಕೊಟ್ಟಿತ್ತು. ಅವಳ ಗಂಡ ಅಲ್ಲಿ ಅನೀಲಕುಮಾರ ಎಂಬವನ ಮನೆತನದ ಕಬ್ಬಿನ ಗಾಣದಲ್ಲಿ ಹದ ನೋಡುತ್ತಿದ್ದ. ಸಣ್ಣ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಕಬ್ಬಿನ ಹಾಲು ದೊಡ್ಡ ಕಡಾಯಿಯಲ್ಲಿ ಮೂರು ತಾಸು ಕುದಿಯುತ್ತದೆ. ಯಾವ ಗಳಿಗೆಯಲ್ಲಿ ಕಡಾಯಿ ಇಳಿಸಬೇಕು ಅನ್ನುವುದೇ ಹದ. ಒಂದು ನಿಮಿಷ ಮೊದಲು ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಒಂದು ನಿಮಿಷ ತಡವಾದರೆ ಸೀದು ಕಹಿಯಾಗುತ್ತದೆ. ಗಂಡ ತೀರಿಕೊಂಡ ಮೇಲೆ ಇವಳೇ ಕಡಾಯಿ ಮುಂದೆ ನಿಂತಳು. ಆಗ ಅವಳಿಗೆ ನಲವತ್ತೊಂದು. ಹೆಂಗಸಿಗೆ ಹದ ತಿಳಿಯುತ್ತದೆಯೇ ಎಂದು ಊರೆಲ್ಲ ಮಾತಾಡಿತು. ಆ ವರ್ಷದ ಬೆಲ್ಲ ತಿಂದ ಮೇಲೆ ಊರು ಬಾಯಿ ಮುಚ್ಚಿತು.

ಅವಳು ಹದ ನೋಡುವ ರೀತಿಯೇ ಬೇರೆ. ಕುದಿಯುವ ಪಾಕದಿಂದ ಒಂದು ಚೂರು ತೆಗೆದು ತಣ್ಣೀರಿಗೆ ಹಾಕುತ್ತಾಳೆ, ಬೆರಳಲ್ಲಿ ಉಂಡೆ ಮಾಡುತ್ತಾಳೆ, ಎದುರಿನ ತಗಡಿಗೆ ಬೀಸಿ ಒಗೆಯುತ್ತಾಳೆ. ಟಪ್ ಎಂದರೆ ಇನ್ನೂ ಹಸಿ. ಟಣ್ ಎಂದರೆ ಹದ. ಆ ತಗಡು ಕೊಟ್ಟವನು ನಾನು. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ ಶಾಲು ಹೊದಿಸಿದರು. ನಾನು ಬಾಯಿ ಬಿಟ್ಟು ಕೇಳಿದ್ದು ಒಂದೇ, ಮೂಲೆಯಲ್ಲಿ ಬಿದ್ದಿದ್ದ ನನ್ನ ಬಸ್ಸಿನ ಹಳೆಯ ತಗಡಿನ ಬೋರ್ಡು. ಮನೆಗೆ ತಂದು ಗೋಡೆಗೆ ಹಾಕಿದ್ದೆ. ಗಂಗಾಬಾಯಿ ಬಂದವಳೇ ಅದಕ್ಕೆ ಉಗುರಿನಿಂದ ಬಡಿದು ಕಿವಿಗೊಟ್ಟಳು.

“ಅಣ್ಣಾ, ಇದು ನನಗ ಕೊಡು. ನಿನ್ನ ಗ್ವಾಡಿಗಿ ಬರೇ ತೂಗತದ. ನನ್ನ ಕಡೆ ಬಂದ್ರ ಮಾತಾಡತದ.”

ಕೊಟ್ಟೆ. ಅಮರನಾಥ, ಆ ಬೋರ್ಡಿನ ಮೇಲೆ ಏನು ಬರೆದಿತ್ತು ಎಂದು ಈಗಲೇ ಹೇಳುವುದಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಹತ್ತು ವರ್ಷದ ಹಿಂದೆ ಪೇಪರಿನವರು ಬಂದು ಆ ಗಾಣದ ಬೆಲ್ಲದ ಮೇಲೆ ಅರ್ಧ ಪುಟ ಬರೆದರು. ಹೆಸರು ಗಾಣದ ಮಾಲೀಕರದು. ಫೋಟೋದಲ್ಲಿ ಗಂಗಾಬಾಯಿಯ ಕೈ ಮಾತ್ರ ಬಂದಿತ್ತು, ಬಳೆ ಸಮೇತ ಮೊಳಕೈಯವರೆಗೆ. ಅವಳು ಆ ತುಂಡನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಂಡಳು. ಯಾರ ಮುಂದೂ ಬೇಸರ ಹೇಳಲಿಲ್ಲ. ನನಗೆ ಒಮ್ಮೆ ತೋರಿಸಿ, “ಬಳಿ ನೋಡಿ ನಾನೇ ಅಂತ ಗುರ್ತ ಹಿಡೀಬೇಕು ನೋಡಣ್ಣಾ” ಎಂದಿದ್ದಳು.

ಹೋದ ವರ್ಷದ ಮಾತು. ಒಲೆಗೆ ಉರಿ ಹಾಕುವ ಮೌಲಾಲಿ, ಅವಳು ಉಂಡೆ ಒಗೆಯುವುದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲಿಗೋ ಬಿಟ್ಟ. ಅದು ಸುತ್ತಿ ಸುತ್ತಿ ಕೈಯಿಂದ ಬೆಲ್ಲ ಮಾಡುವವರ ಒಂದು ಗುಂಪಿಗೆ ಹೋಗಿ ಮುಟ್ಟಿತು. ಹನ್ನೊಂದು ದೇಶದವರು ಅದರಲ್ಲಿ. ನಡೆಸುವವಳು ಇಂಗ್ಲೆಂಡಿನ ಹೆಲೆನ್ ಎಂಬ ಹೆಣ್ಣುಮಗಳು. ತಿಂಗಳಿಗೊಬ್ಬರು ತಮ್ಮ ಒಲೆಯ ಮುಂದಿನಿಂದಲೇ ಮೊಬೈಲಿನಲ್ಲಿ ಪಾಠ ಹೇಳಬೇಕು, ಅದನ್ನು ಹಾಗೇ ಕಾಪಾಡಿ ಇಡುತ್ತಾರೆ, ಯಾರು ಪಾಠ ಹೇಳುತ್ತಾರೋ ಪಾಠಕ್ಕೆ ಅವರದೇ ಹೆಸರು. ಮುಂದಿನ ಹಂಗಾಮಿನಲ್ಲಿ ಈ ತಗಡಿನ ಹೆಂಗಸು ಪಾಠ ಹೇಳಲಿ ಎಂದು ಕೇಳಿದರು. ಆದರೆ ಮಾತು ಇಂಗ್ಲಿಷಿನಲ್ಲಿ.

ಅನೀಲಕುಮಾರ ಕೆಟ್ಟವನಲ್ಲ, ಮೊದಲೇ ಹೇಳುತ್ತೇನೆ. ಓದಿದ ಹುಡುಗ, ಇಂಗ್ಲಿಷು ನೀರು ಕುಡಿದಂತೆ ಮಾತಾಡುತ್ತಾನೆ. “ಕಾಕು, ನೀವು ಹದ ನೋಡ್ರಿ, ಮಾತಿಂದು ನನಗ ಬಿಡ್ರಿ” ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಗಂಗಾಬಾಯಿಗೆ ಟ್ರಂಕಿನಲ್ಲಿದ್ದ ಮೊಳಕೈ ನೆನಪಾಯಿತು.

“ಕೈ ನಂದು ಇದ್ದಾಗ ಬಾಯಿ ನಿಂದ್ಯಾಕ ಬೇಕೋ ಅನೀಲ? ನಾ ಕಲೀತೇನಿ.”

“ಈ ವಯಸ್ಸಿನ್ಯಾಗರಿ?”

“ಹದ ಕಲ್ತಾಗೂ ಹಿಂಗೇ ಕೇಳಿದ್ರು.”

ಅವಳಿಗೆ ಆಗ ಐವತ್ತೆಂಟು. ಕಲಿತದ್ದು ಕನ್ನಡ ಮೂರನೆಯ ಇಯತ್ತೆ. ಕೊನೆಗೆ ಇಬ್ಬರ ಮಧ್ಯೆ ಹೀಗೆ ಮಾತಾಯಿತು. ಅವಳೇ ಶುರು ಮಾಡಬೇಕು. ನಡುವೆ ತಡವರಿಸಿ ನಿಂತರೆ ಅನೀಲಕುಮಾರ ಮುಂದುವರಿಸಬೇಕು, ಪಾಠಕ್ಕೆ ಅವನ ಹೆಸರು ಬೀಳಬೇಕು. ನಾನೂ ಅಲ್ಲೇ ಇದ್ದೆ. ನಿಜ ಹೇಳುತ್ತೇನೆ, ನಾನೂ ಮನಸ್ಸಿನಲ್ಲಿ ಅನೀಲಕುಮಾರನ ಹೆಸರನ್ನೇ ಬರೆದಿದ್ದೆ.

ಅಫಜಲಪುರದಲ್ಲಿ ನಮ್ಮ ಓಣಿಯಲ್ಲೇ ಭುವನೇಶ್ವರಿ ಟೀಚರ್ ಇದ್ದಾರೆ, ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ನಿವೃತ್ತರಾದವರು. ಪ್ರತಿ ರವಿವಾರ ಗಂಗಾಬಾಯಿ ಕರಜಗಿಯಿಂದ ಬಸ್ಸು ಹಿಡಿದು ಬರುತ್ತಿದ್ದಳು. ನಾನು ಟೀಚರ್ ಮನೆಯ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದೆ. ಒಂದು ಅಕ್ಷರ ಓದುತ್ತಿರಲಿಲ್ಲ, ಒಳಗಿನ ಪಾಠ ಕೇಳುವುದೇ ಮಜಾ. ಇಂಗ್ಲಿಷಿನ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ ಗಾಣದ ಕಂಬಕ್ಕೆ ಅಂಟಿಸಿದಳು. ಫೈರ್ ಸ್ಲೋ, ಫೈರ್ ಫಾಸ್ಟ್ ಎಂದು ಮೌಲಾಲಿಗೆ ಇಂಗ್ಲಿಷಿನಲ್ಲೇ ಹುಕುಂ. ಅವನು ಪಾಪ ಜೀ ಮೇಡಂ, ಜೀ ಮೇಡಂ ಎನ್ನುತ್ತ ಒಮ್ಮೆ ಸ್ಲೋ ಅಂದಾಗ ಫಾಸ್ಟ್ ಹಾಕಿ ಒಂದು ಕಡಾಯಿ ಉಕ್ಕಿಸಿದ.

ಎಲ್ಲ ಸುಸೂತ್ರ ನಡೆಯಿತು, ಒಂದು ಬಿಟ್ಟು. ಅವಳ ಬಾಯಿಂದ ‘ರಿ’ ಹೋಗಲೊಲ್ಲದು. ಯೆಸ್‌ರಿ. ನೋರಿ. ಥ್ಯಾಂಕ್ಯೂರಿ. ಟೀಚರಿಗೆ ಹೇಳಿ ಹೇಳಿ ಸಾಕಾಗಿಹೋಯಿತು.

“ಗಂಗಾಬಾಯಿ, ಇಂಗ್ಲಿಷಿನ್ಯಾಗ ರಿ ಅನ್ನೋದು ಇಲ್ರಿ.”

“ಮತ್ತ ದೊಡ್ಡವರ ಕೂಡ ಹೆಂಗ ಮಾತಾಡ್ತಾರ್ರಿ?”

“ಎಲ್ಲಾರಿಗೂ ಒಂದೇ. ಯೂ.”

“ನಿಮಗೂ ಯೂ, ನಾಯಿಗೂ ಯೂ?”

“ಹೌದ್ರಿ.”

“ಹಂಗಾದ್ರ ಆ ಭಾಷಾ ಇನ್ನಾ ಹದಕ್ಕ ಬಂದಿಲ್ಲ ಬಿಡ್ರಿ ಟೀಚರ್.”

ನಾನು ಪಡಸಾಲೆಯಲ್ಲಿ ನಕ್ಕದ್ದು ಒಳಗೆ ಕೇಳಿಸಿತು. ಟೀಚರ್ ನಗಲಿಲ್ಲ. ಹನ್ನೊಂದು ದೇಶದವರು ನಗುತ್ತಾರೆ, ನೀವು ನಡುವೆ ಹೆದರಿ ನಿಂತುಬಿಡುತ್ತೀರಿ, ಅಷ್ಟಾದರೆ ಹೆಸರು ಹೋಯಿತು ಎಂದು ತಿಳಿಸಿ ಹೇಳಿದರು. ಅವತ್ತಿನಿಂದ ಗಂಗಾಬಾಯಿ ಬಾಯಿ ಬಿಗಿಹಿಡಿದು ಮಾತಾಡಲು ಕಲಿತಳು. ಯೆಸ್ ಎಂದು ತುಟಿ ಕಚ್ಚುತ್ತಿದ್ದಳು, ಒಳಗೆ ‘ರಿ’ ಒದ್ದಾಡುವುದು ಮುಖದಲ್ಲಿ ಕಾಣುತ್ತಿತ್ತು.

ತಾಳಿ, ಚಹಾ ಬಂತು.

ಹಾಂ. ಎಲ್ಲಿದ್ದೆ? ಗೊತ್ತಿದೆ, ನೆನಪಿಸಬೇಡಿ. ಆ ಗುಂಪಿನಲ್ಲಿ ಕೊಲಂಬಿಯಾ ದೇಶದ ರೊಸಾಲ್ಬಾ ಎಂಬ ಮುದುಕಿ ಇದ್ದಳು, ಅವಳೂ ಬೆಲ್ಲ ಕುದಿಸುವವಳೇ. ಕೀನ್ಯಾದ ವೆಕೇಸಾ ಎಂಬವನಿದ್ದ, ಗಾಣ ಇಟ್ಟುಕೊಂಡವನು. ಇಬ್ಬರದೂ ಇಂಗ್ಲಿಷು ದೊಡ್ಡವರಾದ ಮೇಲೆ ಕಲಿತದ್ದು. ರೊಸಾಲ್ಬಾ ಮತ್ತು ಗಂಗಾಬಾಯಿ ದಿನಕ್ಕೊಂದು ಸಣ್ಣ ದನಿ ಕಳಿಸತೊಡಗಿದರು, ಈಗ ನಾನು ಕಳಿಸುತ್ತಿದ್ದೇನಲ್ಲ, ಹಾಗೆ. ಇಲ್ಲಿ ಮಳೆ, ಅಲ್ಲಿ ಬಿಸಿಲು, ಇಷ್ಟೇ ಮಾತು. ಒಂದು ದಿನ ರೊಸಾಲ್ಬಾ ತನ್ನ ಬಲಗೈಯ ತೋರುಬೆರಳಿನ ಫೋಟೋ ಕಳಿಸಿದಳು, ತುದಿಯಲ್ಲಿ ಸುಟ್ಟ ಕಲೆ. ಗಂಗಾಬಾಯಿ ತನ್ನ ಬೆರಳಿನದು ಕಳಿಸಿದಳು. ಅದೇ ಬೆರಳು, ಅದೇ ಜಾಗ. ಭೂಮಿಯ ಆ ಕಡೆ ಕುಳಿತವಳಿಗೂ ಪಾಕ ಮುಟ್ಟಿ ನೋಡುವ ಚಟ.

ತಪ್ಪುಗಳು ಕಡಿಮೆ ಆಗಿರಲಿಲ್ಲ. ನಾವು ಕಬ್ಬಿನ ಹಾಲು ಅನ್ನುತ್ತೇವಲ್ಲ, ಇವಳು ಹಾಲು ಎಂದರೆ ಮಿಲ್ಕ್ ಎಂದು ಮೂರು ತಾಸು ಮಿಲ್ಕ್ ಕುದಿಸುತ್ತೇನೆ ಎಂದಳು. ಎಷ್ಟು ಎಮ್ಮೆ ಇವೆ ಎಂದು ವೆಕೇಸಾ ಕೇಳಿದ. ಇನ್ನೊಂದು ಇದಕ್ಕಿಂತ ಚಂದ. ನಮ್ಮಲ್ಲಿ ಹೋಗುತ್ತೇನೆ ಎಂದು ಯಾರಾದರೂ ಬರೀ ಹಾಗೆ ಅನ್ನುತ್ತಾರೆಯೇ? ಹೋಗಿ ಬರುತ್ತೇನೆ ಅನ್ನಬೇಕು. ಇವಳು ದನಿ ಮುಗಿಸುವಾಗ ‘ಐ ಗೋ ಅಂಡ್ ಕಮ್’ ಎಂದಳು. ಪಾಪ ರೊಸಾಲ್ಬಾ ಇವಳು ಈಗ ಬರುತ್ತಾಳೆ ಎಂದು ಫೋನ್ ಹಿಡಿದು ಒಂದು ತಾಸು ಕೂತಿದ್ದಳಂತೆ. ಇವಳು ಇಲ್ಲಿ ರೊಟ್ಟಿ ಬಡಿದು ಉಂಡು ಮಲಗಿದ್ದಳು.

ಹೀಗೇ ಹತ್ತು ತಿಂಗಳು ಕಳೆದು ಪಾಠದ ದಿನ ಬಂತು. ಜನವರಿ, ಸಂಜೆ ಆರು. ವೆಕೇಸಾನ ಊರಲ್ಲಿ ಮಧ್ಯಾಹ್ನ ಮೂರೂವರೆ, ರೊಸಾಲ್ಬಾಳ ಊರಲ್ಲಿ ಆಗ ತಾನೇ ಬೆಳಗಾಗಿತ್ತು. ಗಾಣದ ಮುಂದೆ ಕರಜಗಿಯ ಅರ್ಧ ಊರು ನಿಂತಿತ್ತು. ಭುವನೇಶ್ವರಿ ಟೀಚರನ್ನು ನಾನೇ ಅಫಜಲಪುರದಿಂದ ಕರೆತಂದಿದ್ದೆ. ಗಂಗಾಬಾಯಿ ಇಳಕಲ್ ಸೀರೆ ಉಟ್ಟು ಸೆರಗು ಸಿಕ್ಕಿಸಿ ಕಡಾಯಿ ಮುಂದೆ ನಿಂತಳು. ಅನೀಲಕುಮಾರ ಇಸ್ತ್ರಿ ಅಂಗಿ ಹಾಕಿ ಕೈಯಲ್ಲಿ ಕಾಗದ ಹಿಡಿದು ಪಕ್ಕದಲ್ಲಿ ನಿಂತ. ಫೋನಿನ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು.

ಕಂಠಪಾಠ ಮಾಡಿದ್ದನ್ನು ಚೆನ್ನಾಗಿ ಹೇಳಿದಳು. ಗುಡ್ ಈವನಿಂಗ್, ಮೈ ನೇಮ್ ಇಸ್ ಗಂಗಾಬಾಯಿ, ದಿಸ್ ಇಸ್ ಕೇನ್ ಜ್ಯೂಸ್. ಮಿಲ್ಕ್ ಅನ್ನಲಿಲ್ಲ. ಎಲ್ಲೂ ‘ರಿ’ ಬರಲಿಲ್ಲ. ಟೀಚರ್ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದರು. ಅಷ್ಟರಲ್ಲಿ ಹೆಲೆನ್ ಕಾಗದದಲ್ಲಿಲ್ಲದ ಪ್ರಶ್ನೆ ಕೇಳಿದಳು. ಅದರಲ್ಲಿ ಗಂಗಾಬಾಯಿಗೆ ಹೊಳೆದದ್ದು ಟೆಂಪರೇಚರ್ ಎಂಬ ಒಂದೇ ಮಾತು. ಟೆಂಪರೇಚರ್ ಅಂದರೆ ನಮ್ಮಲ್ಲಿ ಏನು? ದವಾಖಾನೆಯಲ್ಲಿ ಬಾಯಿಗೆ ಕಡ್ಡಿ ಇಟ್ಟು ಹೇಳುವುದು.

“ಐ ಆಮ್ ಫೈನ್,” ಎಂದಳು ಗಂಗಾಬಾಯಿ. “ನೋ ಫೀವರ್.”

ಪರದೆಯ ಮೇಲೆ ಯಾರೋ ನಕ್ಕರು. ನಿಂತವರಲ್ಲೂ ಒಬ್ಬಿಬ್ಬರು ನಕ್ಕರು, ಅರ್ಥ ತಿಳಿದು ನಕ್ಕರೋ ನಗುವುದನ್ನು ಕಂಡು ನಕ್ಕರೋ. ಗಂಗಾಬಾಯಿಗೆ ಮುಂದಿನ ಸಾಲು ಮರೆತುಹೋಯಿತು, ಕಂಬದ ಮೇಲಿನ ಚೀಟಿಗಳ ಕಡೆ ನೋಡಿದಳು, ಉಗಿಯಲ್ಲಿ ಅವೂ ಕಾಣಲಿಲ್ಲ. ಅನೀಲಕುಮಾರ ಒಂದು ಹೆಜ್ಜೆ ಮುಂದೆ ಇಟ್ಟ.

“ಕಾಕು, ಎಷ್ಟ ಬಿಸಿ ಆದಾಗ ಇಳಸ್ತೀರಿ ಅಂತ ಕೇಳಾಕತ್ತಾರ. ಸರೀರಿ, ನಾ ಹೇಳ್ತೇನಿ.”

ಆಗಲೇ ಕಡಾಯಿಯ ಸಪ್ಪಳ ಬದಲಾಯಿತು. ನನಗೆ ತಿಳಿಯಲಿಲ್ಲ, ಅವಳಿಗೆ ತಿಳಿಯಿತು. ಅಲ್ಲಿಯವರೆಗೆ ಬುಳುಬುಳು ಅನ್ನುತ್ತಿದ್ದದ್ದು ದಪ್ಪಗೆ ಲೊಟ್ ಲೊಟ್ ಅನ್ನತೊಡಗಿತ್ತು. ಅವತ್ತಿನ ಕಬ್ಬು ಒಣಗಿತ್ತೋ ಏನೋ, ಹದ ಹತ್ತು ನಿಮಿಷ ಮೊದಲೇ ಬರುತ್ತಿತ್ತು. ಗಂಗಾಬಾಯಿ ಮೇಜಿನ ಮೇಲಿದ್ದ ಫೋನನ್ನು ಎತ್ತಿ ಅನೀಲಕುಮಾರನ ಕೈಗೆ ತುರುಕಿದಳು.

“ನೀ ಇದನ್ನ ಹಿಡಿ. ತಗಡಿನ ಕಡೆ ಹಿಡಿ.”

ಅವನು ಹಿಡಿದ. ಕಾಗದ ಕೆಳಗೆ ಬಿತ್ತು. ಅವಳು ಪರದೆಯ ಕಡೆ ತಿರುಗಿ, ಬಾಯಿಯ ಬಿಗಿ ಬಿಟ್ಟು, ನಮ್ಮ ಅಂಗಳದಲ್ಲಿ ಬೀಗರನ್ನು ಮಾತಾಡಿಸುವ ಹಾಗೆ ಮಾತಾಡಿಸಿದಳು.

“ನೋ ನಂಬರ್‌ರಿ. ಇಯರ್‌ರಿ. ಲಿಸನ್‌ರಿ.”

ಟೀಚರ್ ನನ್ನ ತೋಳು ಹಿಡಿದುಕೊಂಡರು. ಗಂಗಾಬಾಯಿ ಪಾಕ ತೆಗೆದಳು, ನೀರಲ್ಲಿ ಅದ್ದಿದಳು, ಉಂಡೆ ಮಾಡಿ ಒಗೆದಳು. ಟಪ್.

“ನಾಟ್ ರೆಡಿ,” ಎಂದು ಉಂಡೆಯನ್ನು ಬೈದಳು. “ವೇಟ್.”

ಕಡಾಯಿ ಕುದಿಯುತ್ತಲೇ ಇತ್ತು. ಮೌಲಾಲಿ ಕೇಳದೆಯೇ ಉರಿ ಇಳಿಸಿದ. ಗಂಗಾಬಾಯಿ ಮತ್ತೊಂದು ಉಂಡೆ ಮಾಡಿ ಬೀಸಿದಳು. ಟಣ್ ಎಂದಿತು. ಆ ಸದ್ದು ಗಾಣದಲ್ಲಿ ಎದ್ದು, ಅನೀಲಕುಮಾರನ ಕೈಯಲ್ಲಿದ್ದ ಫೋನಿನಿಂದ ಹನ್ನೊಂದು ದೇಶಕ್ಕೆ ಹೋಯಿತು. ಮೊದಲು ಕೂಗಿದವಳು ರೊಸಾಲ್ಬಾ. ಪುಂತೋ, ಪುಂತೋ ಎಂದಳು. ಅವರ ಮಾತಿನಲ್ಲಿ ಹದಕ್ಕೆ ಹಾಗನ್ನುತ್ತಾರಂತೆ. ಹೆಲೆನ್ನಳಿಗೆ ಸಂಖ್ಯೆ ಬೇಕಿತ್ತು, ರೊಸಾಲ್ಬಾಳಿಗೆ ಸದ್ದು ಸಾಕಾಯಿತು.

“ನೌ ರೆಡಿರಿ,” ಎಂದಳು ಗಂಗಾಬಾಯಿ. ಮೌಲಾಲಿಗೆ ಸನ್ನೆ ಮಾಡಿ ಒಲೆಯ ಉರಿಯನ್ನೆಲ್ಲ ಹೊರಗೆಳೆಸಿದಳು.

ವೆಕೇಸಾ ಕಿವಿ ಚುರುಕಿನ ಮನುಷ್ಯ. ಹಸಿ ಇದ್ದಾಗ ಬರೀ ನಾಟ್ ರೆಡಿ ಅಂದಿರಿ, ಈಗ ರೆಡಿರಿ ಎನ್ನುತ್ತೀರಿ, ಏನಿದು ರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇದಕ್ಕೆ ಕಂಠಪಾಠ ಇರಲಿಲ್ಲ. ಟೀಚರ್ ಕೂಡ ಕಲಿಸಿರಲಿಲ್ಲ. ಅನೀಲಕುಮಾರ ಫೋನನ್ನು ಅವಳ ಕಡೆ ತಿರುಗಿಸಿದ. ಗಂಗಾಬಾಯಿ ಸೆರಗಿನಿಂದ ಬೆವರು ಒರೆಸಿಕೊಂಡಳು.

“ಸ್ಮಾಲ್, ನೋ ರಿ. ಬಿಗ್, ರಿ. ಮೈ ಬೆಲ್ಲ ಬಿಗ್ ನೌ. ಯೂ ಬಿಗ್. ಸೋ, ಯೂರಿ.”

ರೊಸಾಲ್ಬಾ ಅರ್ಥ ಬಿಡಿಸಿದಳು. ಮರ್ಯಾದೆ ಅಂದಳು. ನಮ್ಮಲ್ಲೂ ಎರಡು ಯೂ ಇವೆ, ಒಂದು ಸಣ್ಣವರಿಗೆ, ಒಂದು ದೊಡ್ಡವರಿಗೆ ಅಂದಳು. ಆಗ ಹೆಲೆನ್ ನಕ್ಕಳು. ಈ ಸಲದ ನಗು ಬೇರೆ. ನಮ್ಮಲ್ಲೂ ಹಿಂದಿನ ಕಾಲದಲ್ಲಿ ಎರಡಿದ್ದವು, ಒಂದನ್ನು ಕಳೆದುಕೊಂಡೆವು ಎಂದಳು. ಟೀಚರ್ ನನ್ನ ಕಿವಿಯಲ್ಲಿ ಎಲ್ಲ ಬಿಡಿಸಿ ಹೇಳುತ್ತಿದ್ದರು, ಆದ್ದರಿಂದ ಒಂದು ಮಾತೂ ತಪ್ಪಿಲ್ಲ, ಅಮರನಾಥ.

ಗಂಗಾಬಾಯಿ ಇಂಗ್ಲೆಂಡಿನವಳಿಗೆ ಎರಡೂ ಕೈ ಚಾಚಿದಳು, ಮೊರದಲ್ಲಿ ಜೋಳ ಕೊಡುವ ಹಾಗೆ.

“ಟೇಕ್‌ರಿ. ವಿ ಹ್ಯಾವ್ ಮೆನಿ.”

ತಗೊಳ್ರಿ, ನಮ್ಮ ಕಡೆ ಬೇಕಾದಷ್ಟಿವೆ ಅಂತ. ಪರದೆಯ ಚೌಕಗಳಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲಿ ನಿಂತವರೂ ತಟ್ಟಿದರು. ಅವಳು ಅದನ್ನು ಕೇಳಿಸಿಕೊಳ್ಳಲು ನಿಲ್ಲಲೇ ಇಲ್ಲ. “ಬೆಲ್ಲ ನೋ ವೇಟ್‌ರಿ. ಐ ಗೋ ಅಂಡ್ ಕಮ್‌ರಿ” ಎಂದು ಮೌಲಾಲಿಯನ್ನು ಕೂಗಿ, ಇನ್ನಿಬ್ಬರನ್ನು ಸೇರಿಸಿಕೊಂಡು ಕಡಾಯಿ ಇಳಿಸಿ ಪಾಕ ಆರಿಸುವ ಹರವಿಗೆ ಸುರಿಸಿಬಿಟ್ಟಳು. ರೊಸಾಲ್ಬಾ ಈ ಸಲವೂ ಕಾದಳು. ಈ ಸಲ ಇವಳು ನಿಜವಾಗಿ ಮರಳಿ ಬಂದಳು.

ಬಂದಾಗ ವೆಕೇಸಾ ಇನ್ನೊಂದು ಕೇಳಿದ. ಆ ತಗಡಿನ ಮೇಲೆ ಬರೆದಿರುವುದೇನು, ಮಂತ್ರವೇ ಎಂದ.

ಗಂಗಾಬಾಯಿ ತಗಡಿನ ಹತ್ತಿರ ಹೋಗಿ ಅಂಟಿದ ಬೆಲ್ಲವನ್ನು ಉಗುರಿನಿಂದ ಕೆರೆದು, ಒಂದೊಂದೇ ಹೆಸರಿನ ಮೇಲೆ ಆ ಸುಟ್ಟ ಬೆರಳಿಟ್ಟು ಓದಿದಳು.

“ಆಳಂದ. ಅಫಜಲಪುರ. ಜೇವರ್ಗಿ. ಮೈ ಬ್ರದರ್ ಬಸ್‌ರಿ.”

ಕೇಳಿದೆಯಾ ಅಮರನಾಥ? ಕೀನ್ಯಾದವನಿಗೆ ಗೊತ್ತು, ಕೊಲಂಬಿಯಾದವಳಿಗೆ ಗೊತ್ತು, ಇಂಗ್ಲೆಂಡಿನವಳು ಬರೆದುಕೊಂಡಿದ್ದಾಳೆ. ಜೇವರ್ಗಿಯಲ್ಲಿ ಕುಳಿತ ನಿನಗೊಬ್ಬನಿಗೆ ಆ ಬಸ್ಸು ಇರಲಿಲ್ಲ.

ಮೂರು ದಿನದ ಮೇಲೆ ಆ ಗುಂಪಿನ ಪಾಠಗಳ ಪಟ್ಟಿ ಬಂತು. ಅನೀಲಕುಮಾರನೇ ಅದನ್ನು ಛಾಪಿಸಿ ತಂದ, ತಗಡಿನ ಪಕ್ಕದ ಕಂಬಕ್ಕೆ ತಾನೇ ಅಂಟಿಸಿದ. ಹದಿನಾಲ್ಕನೆಯ ಪಾಠ, ಹದವನ್ನು ಕಿವಿಯಿಂದ ಗುರುತಿಸುವುದು. ಹೇಳಿಕೊಟ್ಟವರು: ಗಂಗಾಬಾಯಿರಿ, ಕರಜಗಿ. ಹೆಲೆನ್ ಹಾಗೆಯೇ ಬರೆದಿದ್ದಳು. ಅದು ಹೆಸರಿಗೆ ಹಚ್ಚುವುದಲ್ಲ, ತಪ್ಪು ಎಂದು ಭುವನೇಶ್ವರಿ ಟೀಚರ್ ಅಂದರು. ತಿದ್ದಿಸಬೇಕೇ ಎಂದು ಅನೀಲಕುಮಾರ ಕೇಳಿದ. ಟೀಚರ್ ಕಾಗದವನ್ನು ಮತ್ತೊಮ್ಮೆ ಓದಿ, “ಬ್ಯಾಡ್ರಿ, ಇರಲಿ ಬಿಡ್ರಿ” ಎಂದರು.

ಗಂಗಾಬಾಯಿ ಪೇಪರಿನ ಹಳೆಯ ತುಂಡನ್ನು ಟ್ರಂಕಿನಿಂದ ತಂದು ಇದರ ಕೆಳಗೆ ಅಂಟಿಸಿದಳು. ಈಗ ಮೇಲೆ ಹೆಸರು, ಕೆಳಗೆ ಕೈ. ಬಳೆ ನೋಡಿ ಗುರುತು ಹಿಡಿಯುವ ಕೆಲಸ ಇಲ್ಲ. ಆ ಗುಂಪಿನಲ್ಲಿ ಈಗ ಬೆಳಗಾದರೆ ಗುಡ್ ಮಾರ್ನಿಂಗ್‌ರಿ. ವೆಕೇಸಾ ತನ್ನ ಗಾಣಕ್ಕೂ ಒಂದು ತಗಡು ತೂಗುಹಾಕಿದ್ದಾನಂತೆ. ರೊಸಾಲ್ಬಾ ಪ್ರತಿ ದನಿಯ ಕೊನೆಗೆ ‘ಗೋ ಅಂಡ್ ಕಮ್‌ರಿ’ ಎನ್ನುತ್ತಾಳೆ, ಮತ್ತೆ ಮರುದಿನ ಬರುತ್ತಾಳೆ.

ಪಾಠದ ವಿಡಿಯೋ ಕೆಳಗೆ ಹಾಕುತ್ತೇನೆ. ಇಪ್ಪತ್ತಮೂರನೆಯ ನಿಮಿಷದಲ್ಲಿ ಬೋರ್ಡು ಕಾಣುತ್ತದೆ, ಕನ್ನಡಕ ಹಾಕಿಕೊಂಡು ನೋಡು ಅಮರನಾಥ. ಆಮೇಲೆ ನೀವು ಹನ್ನೊಂದು ಮಂದಿ ನಗುವ ಮುಖ ಒತ್ತಿದವರು, ತಲಾ ಹನ್ನೊಂದು ಮಂದಿಗೆ ಈ ಕಥೆಯನ್ನು ಮುಂದೆ ಕಳಿಸಿ. ನನ್ನ ದನಿ ಕತ್ತರಿಸದೆ ಕಳಿಸಿ. ಬಾಯಿಂದ ಹೇಳುವುದಾದರೂ ಸರಿ, ನನ್ನ ಹೆಸರು ಮರೆತರೂ ನಡೆಯುತ್ತದೆ. ಅವಳ ಹೆಸರಿಗೆ ಮಾತ್ರ ‘ರಿ’ ಹಚ್ಚಿ ಹೇಳಿ.